ಹೇರೆತ್ತು ಮತ್ತು ಪೂರೈಕೆ ಸರಪಳಿ: ಸರಕು ಸಾಗಣೆಯ ಅಧ್ಯಯನ ಪರಂಪರೆಯ ಮರುಓದು

ಪೀಠಿಕೆ

ಆರ್ಚ್ ಷಾ ಅವರು 1912ರಲ್ಲಿ ಅಮೆರಿಕದ ಅರ್ಥಶಾಸ್ತ್ರ ಪತ್ರಿಕೆಯೊಂದರಲ್ಲಿ ಮಾರುಕಟ್ಟೆಯ ವಿತರಣೆಯ ಸಮಸ್ಯೆಗಳನ್ನು ಕುರಿತ ಪ್ರಬಂಧವೊಂದನ್ನು ಪ್ರಕಟಿಸಿದರು. 1915ರಲ್ಲಿ ಅದು ಗ್ರಂಥರೂಪ ಪಡೆಯಿತು. ಸರಕಿಗೆ ಬೇಡಿಕೆಯನ್ನು ಸೃಷ್ಟಿಸುವ ಕೆಲಸ ಒಂದು, ಆ ಸರಕನ್ನು ಬೇಕಾದ ಸ್ಥಳಕ್ಕೆ ಬೇಕಾದ ಹೊತ್ತಿಗೆ ಮುಟ್ಟಿಸುವ ಕೆಲಸ ಮತ್ತೊಂದು. ಇವೆರಡೂ ಪರಸ್ಪರ ಅವಲಂಬಿತವಾಗಿದ್ದರೂ ಪ್ರತ್ಯೇಕವಾಗಿ ಅಧ್ಯಯನಕ್ಕೆ ಅರ್ಹವಾದವು ಎಂಬುದು ಅವರ ಈ ಬರಹಗಳ ತಿರುಳು. ವ್ಯಾಪಾರ ಕ್ಷೇತ್ರದ ಸಾಗಣೆಯ ಶಾಸ್ತ್ರೀಯ ಅಧ್ಯಯನಕ್ಕೆ ಇವು ಆರಂಭದ ಮೈಲಿಗಲ್ಲುಗಳೆಂದು ಆ ಶಿಸ್ತಿನ ಚರಿತ್ರೆಕಾರರು ಪರಿಗಣಿಸುತ್ತಾರೆ.

ಇದಕ್ಕೆ ಒಂದು ವರ್ಷ ಮೊದಲು, 1911ರಲ್ಲಿ, ಬ್ರಿಟಿಷ್ ಭಾರತದ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಹೊಸ ರೂಪ ಪಡೆದು ಮದರಾಸು ಪ್ರಾಂತ್ಯಕ್ಕೂ ವಿಸ್ತರಿಸಿತು. ಶತಮಾನಗಳ ಕಾಲ ಕರಾವಳಿಯ ಉಪ್ಪನ್ನು ಒಳನಾಡಿಗೂ ಒಳನಾಡಿನ ಧಾನ್ಯವನ್ನು ಬೇರೆಡೆಗೂ ಹೊತ್ತು ತಿರುಗಿದ ಸಮುದಾಯಗಳು ಈ ಕಾಯ್ದೆಯ ವ್ಯಾಪ್ತಿಗೆ ಬಂದವು. ಈ ಎರಡು ಘಟನೆಗಳ ನಡುವೆ ನೇರ ಸಂಬಂಧವಿಲ್ಲ. ಆದರೆ ಸಾಗಣೆಯೆಂಬ ಕ್ರಿಯೆಯು ವಿದ್ವತ್ತಿನ ವಿಷಯವಾಗುತ್ತಿದ್ದ ಕಾಲದಲ್ಲಿಯೇ ಸಾಗಣೆಯನ್ನೇ ಬದುಕಾಗಿಸಿಕೊಂಡಿದ್ದ ಜನರು ಪೊಲೀಸ್ ದಾಖಲೆಯ ವಿಷಯವಾಗುತ್ತಿದ್ದರು ಎಂಬುದು ಗಮನಾರ್ಹ. ಒಂದು ಜ್ಞಾನಶಾಖೆ ಹೊತ್ತವರನ್ನು ಬಿಟ್ಟು ಹೊರೆಯನ್ನು ಕಂಡಿತು. ಮತ್ತೊಂದು ಹೊರೆಯನ್ನು ಮರೆತು ಹೊತ್ತವರನ್ನು ಮಾತ್ರ ಕಂಡಿತು. ಈ ಎರಡೂ ಪರಂಪರೆಗಳನ್ನು ಜೊತೆಯಾಗಿಟ್ಟು ಪರಿಶೀಲಿಸುವುದು, ಅವುಗಳ ನಡುವಿನ ತೆರಪನ್ನು ತುಂಬುವಲ್ಲಿ ಜಾನಪದ ಅಧ್ಯಯನದ ಪಾತ್ರವೇನೆಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಂಡಿನ ವಿದ್ಯೆಯಿಂದ ವ್ಯಾಪಾರದ ವಿದ್ಯೆಗೆ

ಇಂದು ‘ಲಾಜಿಸ್ಟಿಕ್ಸ್’ ಎಂದು ಕರೆಯಲಾಗುವ ವಿದ್ಯೆಗೆ ಆ ಹೆಸರು ಬಂದುದು ಯುದ್ಧಶಾಸ್ತ್ರದಿಂದ. ನೆಪೋಲಿಯನ್ನನ ಕಾಲದ ಸೇನಾನಿ ಜೋಮಿನಿ 1838ರಲ್ಲಿ ಪ್ರಕಟಿಸಿದ ತನ್ನ ಯುದ್ಧಕಲೆಯ ಗ್ರಂಥದಲ್ಲಿ ಸೈನ್ಯವನ್ನು ನಡೆಸುವ, ಬೀಡು ಬಿಡಿಸುವ ಹಾಗೂ ಅದಕ್ಕೆ ಬೇಕಾದುದನ್ನು ಒದಗಿಸುವ ಕೌಶಲವನ್ನು ಈ ಹೆಸರಿನಡಿಯಲ್ಲಿ ವಿವೇಚಿಸಿದ. ಅರ್ಥಶಾಸ್ತ್ರದ ಕಡೆಯಿಂದ ಜರ್ಮನಿಯ ಫಾನ್ ಥ್ಯೂನನ್ 1826ರಲ್ಲಿಯೇ ನಗರವೊಂದರ ಸುತ್ತ ಯಾವ ಬೆಳೆಯನ್ನು ಎಷ್ಟು ದೂರದಲ್ಲಿ ಬೆಳೆಯುವುದು ಲಾಭಕರ ಎಂಬುದನ್ನು ಸಾಗಣೆಯ ವೆಚ್ಚ ಹೇಗೆ ನಿರ್ಧರಿಸುತ್ತದೆಂದು ತೋರಿಸಿದ್ದ. ಫ್ರಾನ್ಸಿನ ಎಂಜಿನಿಯರ್ ದ್ಯುಪುಯಿ 1844ರಲ್ಲಿ ರಸ್ತೆ ಮತ್ತು ಜಲಮಾರ್ಗಗಳ ನಡುವಿನ ಆಯ್ಕೆಯನ್ನು ವೆಚ್ಚದ ದೃಷ್ಟಿಯಿಂದ ಚರ್ಚಿಸಿದ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಬಿಡಿ ಚಿಂತನೆಗಳು ವ್ಯಾಪಾರದ ಅಧ್ಯಯನವಾಗಿ ಒಟ್ಟುಗೂಡತೊಡಗಿದವು. 1901ರಲ್ಲಿ ಜಾನ್ ಕ್ರೊವೆಲ್ ಅಮೆರಿಕದ ಕೃಷಿ ಉತ್ಪನ್ನಗಳ ವಿತರಣೆಯನ್ನು ಕುರಿತು ಸರ್ಕಾರಿ ವರದಿಯೊಂದನ್ನು ಸಿದ್ಧಪಡಿಸಿದರು. ಮೇಲೆ ಹೇಳಿದ ಷಾ ಅವರ ಪ್ರಬಂಧದ ಮರುವರ್ಷ, 1913ರಲ್ಲಿ, ಫೋರ್ಡ್ ಹ್ಯಾರಿಸ್ ಒಮ್ಮೆಗೆ ಎಷ್ಟು ಸರಕನ್ನು ತಯಾರಿಸಿದರೆ ಸಿದ್ಧತೆಯ ವೆಚ್ಚ ಹಾಗೂ ದಾಸ್ತಾನಿನ ವೆಚ್ಚಗಳ ಮೊತ್ತ ಅತಿ ಕಡಿಮೆಯಾಗುತ್ತದೆ ಎಂಬುದಕ್ಕೆ ಗಣಿತ ಸೂತ್ರವೊಂದನ್ನು ಕೊಟ್ಟರು. ಎರಡನೆಯ ಮಹಾಯುದ್ಧದ ಕಾಲ ಗಣಿತಜ್ಞರನ್ನು ಈ ಕ್ಷೇತ್ರಕ್ಕೆ ಎಳೆದು ತಂದಿತು. ಹಲವು ಉಗ್ರಾಣಗಳಿಂದ ಹಲವು ಊರುಗಳಿಗೆ ಅತಿ ಕಡಿಮೆ ವೆಚ್ಚದಲ್ಲಿ ಸರಕು ಸಾಗಿಸುವ ‘ಸಾಗಣೆ ಸಮಸ್ಯೆ’ಯನ್ನು 1941ರಲ್ಲಿ ಹಿಚ್‌ಕಾಕ್ ನಿರೂಪಿಸಿದರು. 1947ರಲ್ಲಿ ಡಾಂಟ್ಸಿಗ್ ಅಂತಹ ಲೆಕ್ಕಗಳನ್ನು ಬಿಡಿಸುವ ಸಮರ್ಥ ವಿಧಾನವನ್ನು ರೂಪಿಸಿದರು.

1956ನೆಯ ವರ್ಷ ಎರಡು ಕಾರಣಗಳಿಂದ ಮುಖ್ಯವಾದುದು. ಆ ವರ್ಷದ ಏಪ್ರಿಲ್ 26ರಂದು ಮಾಲ್ಕಮ್ ಮೆಕ್‌ಲೀನ್‌ರ ‘ಐಡಿಯಲ್ ಎಕ್ಸ್’ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಕಂಟೇನರ್ ಯುಗ ಆರಂಭವಾಯಿತು. ಅದೇ ವರ್ಷ ಲೂಯಿಸ್, ಕಲಿಟನ್ ಮತ್ತು ಸ್ಟೀಲ್ ಅವರು ವಿಮಾನ ಸಾಗಣೆಯನ್ನು ಕುರಿತ ಅಧ್ಯಯನದಲ್ಲಿ ‘ಒಟ್ಟು ವೆಚ್ಚ’ದ ಪರಿಕಲ್ಪನೆಯನ್ನು ಮಂಡಿಸಿದರು. ವಿಮಾನದ ಬಾಡಿಗೆ ದುಬಾರಿಯಾದರೂ ಉಗ್ರಾಣ ಮತ್ತು ದಾಸ್ತಾನಿನ ವೆಚ್ಚ ಇಳಿಯುವುದಾದರೆ ಒಟ್ಟಿನಲ್ಲಿ ಅದೇ ಅಗ್ಗವಾಗಬಹುದು ಎಂಬುದು ಇದರ ಸಾರ. ಬಾಡಿಗೆಯೊಂದನ್ನೇ ನೋಡುವುದು ತಪ್ಪು ಎಂಬ ಈ ತಿಳಿವಳಿಕೆ ಶಿಸ್ತಿನ ತಳಹದಿಯಾಯಿತು. 1961ರಲ್ಲಿ ಸ್ಮೈಕೆ, ಬೋವರ್ಸಾಕ್ಸ್ ಮತ್ತು ಮಾಸ್‌ಮನ್ ಅವರ ಪಠ್ಯಗ್ರಂಥ ಹೊರಬಂದಿತು. 1962ರಲ್ಲಿ ಪೀಟರ್ ಡ್ರಕರ್ ವಿತರಣೆಯ ಕ್ಷೇತ್ರವನ್ನು ಅರ್ಥವ್ಯವಸ್ಥೆಯ ‘ಕತ್ತಲೆ ಖಂಡ’ವೆಂದು ಕರೆದರು. 1963ರಲ್ಲಿ ಭೌತಿಕ ವಿತರಣೆಯ ನಿರ್ವಾಹಕರ ರಾಷ್ಟ್ರೀಯ ಮಂಡಳಿ ಅಮೆರಿಕದಲ್ಲಿ ಸ್ಥಾಪನೆಯಾಯಿತು. ಆ ಸಂಸ್ಥೆ 1985ರಲ್ಲಿ ಲಾಜಿಸ್ಟಿಕ್ಸ್ ಮಂಡಳಿಯಾಗಿಯೂ 2005ರಲ್ಲಿ ಪೂರೈಕೆ ಸರಪಳಿ ವೃತ್ತಿಪರರ ಮಂಡಳಿಯಾಗಿಯೂ ಹೆಸರು ಬದಲಿಸಿಕೊಂಡುದರಲ್ಲಿಯೇ ಶಿಸ್ತಿನ ವಿಕಾಸದ ಮೂರು ಘಟ್ಟಗಳು ಅಡಗಿವೆ.

‘ಪೂರೈಕೆ ಸರಪಳಿ ನಿರ್ವಹಣೆ’ ಎಂಬ ಪದಪುಂಜವನ್ನು 1982ರಲ್ಲಿ ಕೀತ್ ಆಲಿವರ್ ಬಳಕೆಗೆ ತಂದರು. ಸರಪಳಿಯ ಒಂದು ತುದಿಯಲ್ಲಿ ಬೇಡಿಕೆ ಅಲ್ಪವಾಗಿ ಅಲುಗಿದರೂ ಮತ್ತೊಂದು ತುದಿಯಲ್ಲಿ ಅದು ದೊಡ್ಡ ಏರುಪೇರಾಗುವುದನ್ನು 1958ರಲ್ಲಿ ಫಾರೆಸ್ಟರ್ ತೋರಿಸಿದ್ದರು. ಚಾಟಿಯ ಹಿಡಿಯನ್ನು ತುಸು ಅಲ್ಲಾಡಿಸಿದರೆ ತುದಿ ಜೋರಾಗಿ ಬೀಸುವಂತಹ ಈ ಪರಿಣಾಮದ ಕಾರಣಗಳನ್ನು 1997ರಲ್ಲಿ ಲೀ, ಪದ್ಮನಾಭನ್ ಮತ್ತು ವಾಂಗ್ ವಿಶದೀಕರಿಸಿದರು. ಹೀಗೆ ಅಧ್ಯಯನದ ಘಟಕವು ಬಂಡಿಯಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಸಂಸ್ಥೆಗೆ, ಸಂಸ್ಥೆಯಿಂದ ಸಂಸ್ಥೆಗಳ ಸರಪಳಿಗೆ ಹಿಗ್ಗುತ್ತ ಬಂದಿತು. ಆದರೆ ಈ ಹಿಗ್ಗುವಿಕೆಯಲ್ಲಿ ಸಾಗಿಸುವ ಮನುಷ್ಯ ಬಹುಮಟ್ಟಿಗೆ ಬಾಡಿಗೆಯ ದರವಾಗಿ, ತಗಲುವ ಕಾಲವಾಗಿ ಮಾತ್ರ ಉಳಿದುಕೊಂಡ. ಡ್ರಕರ್ ಬಳಸಿದ ರೂಪಕವೂ ವಸಾಹತು ಕಾಲದ ಭೂಗೋಳದಿಂದ ಬಂದುದು. ಆಫ್ರಿಕಾ ಕತ್ತಲೆಯಾಗಿ ಕಂಡದ್ದು ಹೊರಗಿನಿಂದ ನೋಡಿದವರಿಗೇ ಹೊರತು ಅಲ್ಲಿ ಬದುಕಿದವರಿಗಲ್ಲ. ವಿತರಣೆಯ ಹಾದಿಯೂ ಅದನ್ನು ತುಳಿದವರಿಗೆ ಕತ್ತಲೆಯಾಗಿರಲಿಲ್ಲ.

ದಖನ್ನಿನ ಹೇರೆತ್ತು

ಈ ಮಾತಿಗೆ ಆಧಾರವಾಗಿ ದಖನ್ ಪ್ರಸ್ಥಭೂಮಿಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಕನ್ನಡದಲ್ಲಿ ‘ಹೇರು’ ಎಂಬುದು ಕ್ರಿಯೆಯೂ ಹೌದು, ಅಳತೆಯೂ ಹೌದು. ಮಧ್ಯಕಾಲೀನ ಶಾಸನಗಳಲ್ಲಿ ದೇವಾಲಯಗಳಿಗೆ ಬಿಟ್ಟ ಸುಂಕವನ್ನು ಹಲವೆಡೆ ಹೇರಿನ ಲೆಕ್ಕದಲ್ಲಿ ಹೇಳಲಾಗಿದೆ. ಅಯ್ಯಾವೊಳೆಯ ಐನೂರ್ವರಂತಹ ವರ್ತಕ ಸಂಘಗಳ ಚರಿತ್ರೆ ಸಾಕಷ್ಟು ಬೆಳಕಿಗೆ ಬಂದಿದೆ. ಆದರೆ ಅವರ ಸರಕನ್ನು ಹೊತ್ತ ಎತ್ತು, ಕತ್ತೆ, ಆಳುಗಳ ಹಿಂದಿನ ಸಮುದಾಯಗಳು ಶಾಸನಗಳಲ್ಲಿ ವಿರಳವಾಗಿ ಮಾತ್ರ ಕಾಣಿಸಿಕೊಳ್ಳುತ್ತವೆ.

ಹದಿನೇಳನೆಯ ಶತಮಾನದಿಂದ ದೊರೆಯುವ ಪ್ರವಾಸಿ ಕಥನಗಳಲ್ಲಿ ಬಂಜಾರರ ಚಿತ್ರ ಸ್ಪಷ್ಟವಾಗುತ್ತದೆ. 1632ರಲ್ಲಿ ಉತ್ತರ ಭಾರತದಲ್ಲಿ ಪ್ರಯಾಣಿಸುತ್ತಿದ್ದ ಪೀಟರ್ ಮಂಡಿ 14,000 ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಸಾಗುತ್ತಿದ್ದ ತಾಂಡಾವೊಂದನ್ನು ಎದುರುಗೊಂಡ. ಫ್ರಾನ್ಸಿನ ವರ್ತಕ ತಾವರ್ನಿಯೆ ಹತ್ತು-ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ವರ್ಣಿಸಿ, ಇವರಲ್ಲಿ ನಾಲ್ಕು ಪಂಗಡಗಳಿದ್ದು ಒಂದೊಂದು ಪಂಗಡ ಒಂದೊಂದೇ ಬಗೆಯ ಸರಕನ್ನು ಸಾಗಿಸುತ್ತದೆಂದು ಬರೆದಿದ್ದಾನೆ. ಈ ಜನ ದಖನ್ನಿಗೆ ಬಂದುದರ ಬಗ್ಗೆ ಅವರಲ್ಲಿ ಪ್ರಚಲಿತವಾದ ಐತಿಹ್ಯವೊಂದಿದೆ. ಷಹಜಹಾನನ 1630ರ ದಂಡಯಾತ್ರೆಯಲ್ಲಿ ಜಂಗಿ, ಭಂಗಿ ಎಂಬ ನಾಯಕರು ಲಕ್ಷಕ್ಕೂ ಮಿಕ್ಕ ಎತ್ತುಗಳೊಡನೆ ಆಸಫಖಾನನ ದಂಡಿಗೆ ಧಾನ್ಯ ಒದಗಿಸಿದರೆಂದೂ, ಪ್ರತಿಯಾಗಿ ದಾರಿಯಲ್ಲಿ ನೀರು ಮತ್ತು ಹುಲ್ಲನ್ನು ಎಲ್ಲಿ ಸಿಕ್ಕರಲ್ಲಿ ಪಡೆಯುವ ಹಕ್ಕನ್ನು ಗಳಿಸಿದರೆಂದೂ ಆ ಐತಿಹ್ಯ ಹೇಳುತ್ತದೆ. ಇದರ ಸಂಖ್ಯೆಗಳನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಆದರೆ ಸಮುದಾಯದ ನೆನಪು ಚಿನ್ನವನ್ನಾಗಲಿ ಭೂಮಿಯನ್ನಾಗಲಿ ಬೇಡದೆ ನೀರು-ಹುಲ್ಲುಗಳ ಹಕ್ಕನ್ನು ಬೇಡಿದುದು ಅರ್ಥಪೂರ್ಣ. ಹೇರೆತ್ತಿನ ಅರ್ಥಶಾಸ್ತ್ರ ನಿಂತಿದ್ದುದೇ ಆ ಹಕ್ಕಿನ ಮೇಲೆ.

ಆ ಅರ್ಥಶಾಸ್ತ್ರವನ್ನು ಇಂದಿನ ಸಂಶೋಧನೆಯ ಪರಿಭಾಷೆಯಲ್ಲಿ ಹೀಗೆ ವಿವರಿಸಬಹುದು. ಎತ್ತು ದಿನಕ್ಕೆ ಕೆಲವೇ ಮೈಲಿ ನಡೆಯುತ್ತಿತ್ತು. ಏಕೆಂದರೆ ನಡೆಯುವುದರ ಜೊತೆಗೆ ಅದು ಮೇಯಬೇಕಿತ್ತು. ಮೇವು ದಾರಿಯಲ್ಲಿಯೇ ಸಿಗುತ್ತಿದ್ದುದರಿಂದ ಸಾಗಣೆಯ ದೊಡ್ಡ ಖರ್ಚು ಇಲ್ಲವಾಗುತ್ತಿತ್ತು. ವೇಗವನ್ನು ಬಿಟ್ಟುಕೊಟ್ಟು ಅಗ್ಗವನ್ನು ಪಡೆಯುವ ಈ ವಿನಿಮಯ ‘ಒಟ್ಟು ವೆಚ್ಚ’ದ ವಿವೇಕವೇ ಸರಿ. ಧಾನ್ಯ, ಉಪ್ಪುಗಳಂತಹ ಬೇಗ ಕೆಡದ ಸರಕಿಗೆ ಮಾತ್ರ ಅದು ಒಗ್ಗುತ್ತಿತ್ತು. ಒಳನಾಡಿನಿಂದ ಹೋಗುವಾಗ ಧಾನ್ಯ, ಕರಾವಳಿಯಿಂದ ಮರಳುವಾಗ ಉಪ್ಪು ಹೇರುವುದರಿಂದ ಬರಿಬೆನ್ನಿನ ಪ್ರಯಾಣದ ನಷ್ಟ ತಪ್ಪುತ್ತಿತ್ತು. ಮಳೆಗಾಲದಲ್ಲಿ ಬೀಡು, ಬೇಸಗೆಯಲ್ಲಿ ನಡಿಗೆ ಎಂಬ ಋತುಚಕ್ರವಿತ್ತು. ಬಂಜಾರ ಕೇವಲ ಕೂಲಿ ಸಾಗಣೆದಾರನಾಗಿರಲಿಲ್ಲ; ಅನೇಕ ವೇಳೆ ಅಗ್ಗವಿದ್ದಲ್ಲಿ ತಾನೇ ಕೊಂಡು, ಕೊರತೆಯಿದ್ದಲ್ಲಿ ತಾನೇ ಮಾರುತ್ತಿದ್ದ. ಬೆಲೆಯ ಸುದ್ದಿ, ಹಾದಿಯ ತಿಳಿವು, ಎತ್ತಿನ ಆರೈಕೆ ಮೂರೂ ಒಂದೇ ತಾಂಡಾದೊಳಗೆ ನಾಯಕನ ಯಜಮಾನಿಕೆಯಲ್ಲಿ ಕೂಡಿಕೊಂಡಿದ್ದವು. ಕುಟುಂಬವೇ ಜೊತೆಯಲ್ಲಿ ಚಲಿಸುತ್ತಿದ್ದುದರಿಂದ ಹೆಂಗಸರ ದುಡಿಮೆಯೂ ಈ ವ್ಯವಸ್ಥೆಯ ಅಂಗವಾಗಿತ್ತು. ಸಾಗಣೆಯ ಈ ವ್ಯಾಪಾರಕ್ಕೆ ಲಂಬಾಣಿ ಭಾಷೆಯಲ್ಲಿ ‘ಲದೇಣಿ’ ಎಂಬ ತನ್ನದೇ ಪದವಿದೆ.

ದಂಡು ಮತ್ತು ವ್ಯಾಪಾರಗಳೆರಡಕ್ಕೂ ಈ ವ್ಯವಸ್ಥೆ ಎಷ್ಟು ಅನಿವಾರ್ಯವಾಗಿತ್ತೆಂಬುದಕ್ಕೆ ಮೈಸೂರಿನ ಇತಿಹಾಸವೇ ಸಾಕ್ಷಿ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದರೂ ಧಾನ್ಯವಿಲ್ಲದೆ, ಎತ್ತುಗಳು ಸತ್ತು, ಭಾರಿ ಫಿರಂಗಿಗಳನ್ನು ನಾಶಪಡಿಸಿ ಹಿಮ್ಮೆಟ್ಟಬೇಕಾಯಿತು. 1792ರಲ್ಲಿ ಅವನು ಮರಳಿ ಬಂದಾಗ ಬಂಜಾರರ ಎತ್ತುಗಳ ಬೆಂಬಲವಿತ್ತು. ಮುಂದೆ ಧೋಂಡಿಯಾ ವಾಘನ ವಿರುದ್ಧ 1800ರಲ್ಲಿಯೂ ಮರಾಠರ ವಿರುದ್ಧ 1803ರಲ್ಲಿಯೂ ಯುದ್ಧ ನಡೆಸಿದ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಬಂಜಾರರ ಪ್ರಸ್ತಾಪ ಮೇಲಿಂದ ಮೇಲೆ ಬರುತ್ತದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ತನ್ನ ಕಥನವನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಫ್ರಾನ್ಸಿಸ್ ಬುಕನನ್ ಪೇಟೆಗಳಿಗೆ ಬಂದುಹೋಗುವ ಸರಕು, ಸುಂಕ, ಹೇರುಗಳನ್ನು ವಿವರವಾಗಿ ದಾಖಲಿಸಿದ್ದಾನೆ. ಆ ಸಂಪುಟಗಳನ್ನು ದಖನ್ನಿನ ಪೂರೈಕೆ ವ್ಯವಸ್ಥೆಯ ಆರಂಭಿಕ ಸಮೀಕ್ಷೆಗಳಲ್ಲಿ ಒಂದೆಂದು ಓದಲು ಸಾಧ್ಯವಿದೆ.

ರಸ್ತೆ, ರೈಲು, ಕಾಡು, ಉಪ್ಪು

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವ್ಯವಸ್ಥೆ ಒಂದೇ ಏಟಿಗೆ ಕುಸಿಯಲಿಲ್ಲ. ನಾಲ್ಕು ಕಡೆಯಿಂದ ಸವೆಯಿತು. ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ (1834-61) ಮೈಸೂರು ಸೀಮೆಯಲ್ಲಿ ಸುಮಾರು 1,600 ಮೈಲಿ ರಸ್ತೆ ನಿರ್ಮಾಣವಾಗಿ ಹೇರೆತ್ತಿನ ಜಾಗಕ್ಕೆ ಗಾಡಿ ಬಂದಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಧಾರವಾಡದ ಹತ್ತಿಗೆ ಬೇಡಿಕೆ ಹೆಚ್ಚಿದಾಗ ಘಟ್ಟದ ದಾರಿಗಳೂ ಕುಮಟಾ, ಕಾರವಾರದ ಬಂದರುಗಳೂ ಮಹತ್ವ ಪಡೆದವು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದುದರ ಹಿಂದೆ ಈ ಹತ್ತಿಯ ಹಿತಾಸಕ್ತಿಯಿತ್ತು. 1864ರಲ್ಲಿ ಬೆಂಗಳೂರಿಗೆ ಜೋಲಾರ್‌ಪೇಟೆಯಿಂದ ರೈಲು ಬಂದಿತು. 1878ರ ಭಾರತೀಯ ಅರಣ್ಯ ಕಾಯ್ದೆ ಮತ್ತು 1882ರ ಮದರಾಸು ಅರಣ್ಯ ಕಾಯ್ದೆಗಳು ಮೇವಿನ ಕಾಡನ್ನು ಸರ್ಕಾರದ ಸೊತ್ತಾಗಿಸಿದವು. ದಾರಿಯ ಹುಲ್ಲು ಉಚಿತವಲ್ಲವಾದಾಗ ನಿಧಾನ ನಡಿಗೆಯ ಲಾಭವೇ ಕರಗಿತು. ಉಪ್ಪಂತೂ ಮದರಾಸು ಪ್ರಾಂತ್ಯದಲ್ಲಿ 1805ರಿಂದಲೇ ಸರ್ಕಾರದ ಏಕಸ್ವಾಮ್ಯವಾಗಿತ್ತು.

ಹಳೆಯ ವ್ಯವಸ್ಥೆ ಕುಗ್ಗಿ ಹೊಸ ವ್ಯವಸ್ಥೆ ಪೂರ್ಣವಾಗದ ಸಂಧಿಕಾಲದಲ್ಲಿ 1876-78ರ ಮಹಾಕ್ಷಾಮ ಬಂದಿತು. ಅದರ ಚರಿತ್ರೆಯನ್ನು ಬರೆದ ವಿಲಿಯಂ ಡಿಗ್ಬಿಯ ಗ್ರಂಥ ಸಾಗಣೆಯ ಅಧ್ಯಯನಕ್ಕೂ ಅಮೂಲ್ಯ ಆಕರ. ರೈಲು ನಿಲ್ದಾಣಗಳಿಗೆ ಧಾನ್ಯ ಬಂದು ರಾಶಿ ಬಿದ್ದರೂ ಅಲ್ಲಿಂದ ಹಳ್ಳಿಗಳಿಗೆ ಒಯ್ಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಕಬ್ಬಿಣದ ಹಳಿ ನಿಂತಲ್ಲಿ ಧಾನ್ಯವೂ ನಿಂತಿತು. ಆಧುನಿಕ ಸಂಶೋಧನೆ ‘ಕೊನೆಯ ಹಂತದ ತಲುಪಿಕೆ’ ಎಂದು ಕರೆಯುವ ಸಮಸ್ಯೆಗೆ ಇದಕ್ಕಿಂತ ದಾರುಣ ಉದಾಹರಣೆ ವಿರಳ. 1880ರ ಕ್ಷಾಮ ಆಯೋಗ ಹೆಚ್ಚಿನ ರೈಲು ಮಾರ್ಗಗಳನ್ನು ಶಿಫಾರಸು ಮಾಡಿತು. ಹೇರೆತ್ತನ್ನೂ ಅದರ ಮೇವಿನ ಹಕ್ಕನ್ನೂ ಮರಳಿ ಕಟ್ಟುವ ಆಲೋಚನೆ ಆಡಳಿತದ ನೀತಿಯಾಗಲಿಲ್ಲ.

ಕೆಲಸ ಕಳೆದುಕೊಂಡವರ ಬಗ್ಗೆ ಬರೆದವರು ಯಾರೆಂಬುದೂ ಇಲ್ಲಿ ಪರಿಶೀಲನಾರ್ಹ. ಬಂಜಾರರನ್ನು ಕುರಿತ ಆರಂಭದ ಸ್ವತಂತ್ರ ಕಿರುಗ್ರಂಥಗಳಲ್ಲಿ ಒಂದನ್ನು ರಚಿಸಿದ ಕಂಬರ್ಲೇಜ್ ಬೇರಾರಿನ ಪೊಲೀಸ್ ಅಧಿಕಾರಿ. ಮೇಲೆ ಉಲ್ಲೇಖಿಸಿದ ಜಂಗಿ-ಭಂಗಿಯರ ಐತಿಹ್ಯವನ್ನು ಉಳಿಸಿಕೊಟ್ಟವನೂ ಅವನೇ. ಲಂಬಾಣಿಗಳು ಮತ್ತು ಕೊರವರನ್ನು ಮದರಾಸು ಪ್ರಾಂತ್ಯದ ‘ಅಪರಾಧಿ ವರ್ಗ’ಗಳ ಸಾಲಿನಲ್ಲಿಟ್ಟು 1892ರಲ್ಲಿ ಗ್ರಂಥ ಪ್ರಕಟಿಸಿದ ಮುಲ್ಲಾಲಿಯೂ ಪೊಲೀಸ್ ಅಧಿಕಾರಿ. 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ಜಾತಿ-ಬುಡಕಟ್ಟುಗಳ ಕೋಶ ಇಂತಹ ಬರಹಗಳನ್ನು ಧಾರಾಳವಾಗಿ ಬಳಸಿಕೊಂಡಿತು. ಇವುಗಳಲ್ಲಿ ಸಾಗಣೆಯು ಹಳೆಯ ಕಸುಬೆಂದು ಉಲ್ಲೇಖಗೊಂಡು, ಉಡುಗೆ, ಆಚರಣೆ ಮತ್ತು ಅಪರಾಧದ ರೀತಿಗಳ ವಿವರ ವಿಸ್ತಾರವಾಗುತ್ತದೆ. ಅಲೆದಾಟವು ಕಸುಬಿನ ಅಗತ್ಯವಾಗಿತ್ತೆಂಬ ಅಂಶ ಹಿಂದೆ ಸರಿದು, ಅಲೆದಾಟವೇ ಸಂಶಯಕ್ಕೆ ಕಾರಣವಾಯಿತು. ಮೊದಲಿಗೆ 1871ರಲ್ಲಿ, ಬಳಿಕ 1911ರಲ್ಲಿ ಜಾರಿಗೆ ಬಂದ ಕಾಯ್ದೆಗಳು ಈ ಸಂಶಯಕ್ಕೆ ಕಾನೂನಿನ ರೂಪ ಕೊಟ್ಟವು. ಅವು 1952ರಲ್ಲಿ ರದ್ದಾಗುವವರೆಗೆ ಹಾಜರಿ, ಗುರುತು, ಬಲವಂತದ ನೆಲೆಸುವಿಕೆಗಳ ಕಾಟ ತಪ್ಪಲಿಲ್ಲ.

ಎರಡು ದಾಖಲೆಗಳ ನಡುವೆ

‘ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು’ ಎಂಬ ಗಾದೆಯಂತೆ, ಸಾಗಣೆಯ ಶಾಸ್ತ್ರ ಮತ್ತು ಸಮುದಾಯಗಳ ಅಧ್ಯಯನ ಬಹುಕಾಲ ಬೇರೆಬೇರೆ ದಿಕ್ಕಿಗೆ ನಡೆದವು. ಇವನ್ನು ಕೂಡಿಸುವ ಯತ್ನಗಳು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಾಣಿಸಿಕೊಂಡವು. 1979ರಲ್ಲಿ ರಾಬರ್ಟ್ ವರಾಡಿ ಉತ್ತರ ಭಾರತದ ಬಂಜಾರರನ್ನು ನೇರವಾಗಿ ಸಾಗಣೆದಾರರೆಂದೇ ಪರಿಗಣಿಸಿ ಅವರ ವಿಕಾಸವನ್ನು ಗುರುತಿಸಿದರು. 1986ರಲ್ಲಿ ಬಿ.ಜಿ. ಹಲಬಾರ್ ಅವರು ಉತ್ತರ ಕರ್ನಾಟಕದ ಲಮಾಣಿಗಳ ಆರ್ಥಿಕ ಬದಲಾವಣೆಯನ್ನು ಸಮಾಜಶಾಸ್ತ್ರೀಯವಾಗಿ ವಿವೇಚಿಸಿದರು. 2001ರಲ್ಲಿ ಮೀನಾ ರಾಧಾಕೃಷ್ಣ ಅವರ ಗ್ರಂಥ ಕೊರವರ ಉಪ್ಪಿನ ವ್ಯಾಪಾರ ರೈಲು ಹಾಗೂ ಸರ್ಕಾರದ ನೀತಿಗಳಿಂದ ಹೇಗೆ ಹಾಳಾಯಿತು, ಅದರ ಬೆನ್ನಿಗೇ ಅವರು ಹೇಗೆ ‘ಅಪರಾಧಿ’ಗಳಾದರು ಎಂಬುದನ್ನು ಆಡಳಿತ ದಾಖಲೆಗಳಿಂದಲೇ ತೋರಿಸಿಕೊಟ್ಟಿತು. ಕಸುಬಿನ ನಾಶ ಮೊದಲು, ಅಪರಾಧದ ಹಣೆಪಟ್ಟಿ ಆಮೇಲೆ ಎಂಬ ಕಾಲಾನುಕ್ರಮವನ್ನು ಸ್ಥಾಪಿಸಿದುದು ಈ ಅಧ್ಯಯನದ ದೊಡ್ಡ ಕೊಡುಗೆ.

ಇಲ್ಲಿಂದ ಮುಂದಿನ ಕೆಲಸದಲ್ಲಿ ಜಾನಪದ ಅಧ್ಯಯನಕ್ಕೆ ಮಹತ್ವದ ಪಾತ್ರವಿದೆ. ಆಡಳಿತದ ಕಡತಗಳು ಸುಂಕ ಮತ್ತು ಶಿಕ್ಷೆಗಳನ್ನು ಬಲ್ಲವು. ಹಾದಿಯ ಜ್ಞಾನವನ್ನು ಅರಿಯವು. ಆ ಜ್ಞಾನ ಸಮುದಾಯದ ಭಾಷೆ, ಐತಿಹ್ಯ, ಆಚರಣೆ ಹಾಗೂ ವಸ್ತುಗಳಲ್ಲಿ ಉಳಿದಿದೆ. ಎತ್ತಿನ ಬೆನ್ನಿನ ಎರಡೂ ಬದಿಗೆ ಸಮತೂಕದಲ್ಲಿ ಇಳಿಬೀಳುವ ಹಸುಬೆಯ ರಚನೆ ಸಾಗಣೆಯ ತಂತ್ರಜ್ಞಾನದ ದಾಖಲೆ. 2010ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಸಂಡೂರಿನ ಲಂಬಾಣಿ ಕಸೂತಿಯನ್ನು ಕೇವಲ ಅಲಂಕಾರವೆಂದು ನೋಡುವ ರೂಢಿಯಿದೆ. ಚೀಲ, ಎತ್ತಿನ ಹೊದಿಕೆಗಳ ಮೇಲೆ ಬೆಳೆದ ಈ ಕಲೆಯ ಬಿಗಿಯಾದ ಹೊಲಿಗೆಗೆ ಬಟ್ಟೆಯನ್ನು ಗಟ್ಟಿಗೊಳಿಸುವ ಉಪಯುಕ್ತತೆಯೂ ಇತ್ತೆಂಬುದನ್ನು ಮರೆಯಬಾರದು. ಸೇವಾಲಾಲರನ್ನು ಕುರಿತ ಮೌಖಿಕ ಪರಂಪರೆಯಲ್ಲಿ ದನಕರು, ತಾಂಡಾ, ಪಯಣಗಳು ಕಥೆಯ ಹಿನ್ನೆಲೆ ಮಾತ್ರವಲ್ಲ. ಚಲಿಸುವ ಸಮಾಜವೊಂದರ ನೀತಿ-ನಿಯಮಗಳ ನೆನಪು ಅಲ್ಲಿದೆ. ಇಂತಹ ಸಾಮಗ್ರಿಯನ್ನು ಭಕ್ತಿಯ ಅಥವಾ ಕಲೆಯ ಶೀರ್ಷಿಕೆಯಡಿ ಮಾತ್ರ ವರ್ಗೀಕರಿಸಿದರೆ ಅದರೊಳಗಿನ ಕಸುಬಿನ ಚರಿತ್ರೆ ಮತ್ತೊಮ್ಮೆ ಮರೆಯಾಗುತ್ತದೆ.

‘ತಾಂಡಾ’ ಎಂಬ ಪದದ ಅರ್ಥಪಲ್ಲಟವೇ ಈ ಚರಿತ್ರೆಯ ಸಂಕ್ಷಿಪ್ತ ರೂಪ. ಮಂಡಿಯ ಕಾಲದಲ್ಲಿ ಅದು ಚಲಿಸುವ ಎತ್ತುಗಳ ಸಾಲು. ಇಂದಿನ ಕನ್ನಡದಲ್ಲಿ ಅದು ಊರಾಚೆಯ ನೆಲೆನಿಂತ ವಸತಿ. ಕಂದಾಯ ಗ್ರಾಮವೆಂಬ ಮಾನ್ಯತೆಯಿಲ್ಲದೆ ಇಂತಹ ಅನೇಕ ವಸತಿಗಳು ದಶಕಗಳನ್ನು ಕಳೆದವು. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 2023ರ ಜನವರಿಯಲ್ಲಿ ಸುಮಾರು 50,000 ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ನೀಡುವ ಕಾರ್ಯ ನಡೆಯಿತು. ಒಂದು ಕಾಲಕ್ಕೆ ಹುಲ್ಲು-ನೀರಿನ ಹಕ್ಕನ್ನು ತಮ್ಮ ಹಿರಿಮೆಯೆಂದು ನೆನೆದ ಜನ ಮನೆಯಡಿಯ ನೆಲದ ಹಕ್ಕಿಗಾಗಿ ಇಷ್ಟು ದೀರ್ಘಕಾಲ ಕಾಯಬೇಕಾಯಿತು.

ಸಮಾರೋಪ

ವ್ಯಾಪಾರ ಸಾಗಣೆಯ ಸಂಶೋಧನೆ ಶತಮಾನದಲ್ಲಿ ಸಾಧಿಸಿದ ಪ್ರಗತಿಯನ್ನು ಅಲ್ಲಗಳೆಯುವುದು ಈ ಮರುಓದಿನ ಆಶಯವಲ್ಲ. ಒಟ್ಟು ವೆಚ್ಚ, ದಾಸ್ತಾನು, ಬೇಡಿಕೆಯ ಏರುಪೇರುಗಳನ್ನು ಕುರಿತ ಅದರ ಪರಿಕಲ್ಪನೆಗಳು ಹೇರೆತ್ತಿನ ವ್ಯವಸ್ಥೆಯನ್ನು ಅರಿಯಲೂ ನೆರವಾಗುತ್ತವೆ ಎಂಬುದು ಮೇಲಿನ ವಿವೇಚನೆಯಿಂದ ವ್ಯಕ್ತವಾಗಿದೆ. ಆದರೆ ವೆಚ್ಚದ ಲೆಕ್ಕದಲ್ಲಿ ಸೇರದ ವೆಚ್ಚವೊಂದಿದೆ. ವ್ಯವಸ್ಥೆಯೊಂದು ಬದಲಾದಾಗ ಹಳೆಯ ವ್ಯವಸ್ಥೆಯನ್ನು ಹೊತ್ತಿದ್ದವರು ತೆತ್ತ ಬೆಲೆ ಅದು. ರೈಲು ತಂದ ಉಳಿತಾಯವನ್ನು ಲೆಕ್ಕ ಹಾಕಿದವರು ಆ ಇನ್ನೊಂದು ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈ ಪ್ರಶ್ನೆ ಗತಕಾಲಕ್ಕೆ ಮಾತ್ರ ಸೀಮಿತವಲ್ಲ. 2020ರ ಕೊರೊನಾ ದಿಗ್ಬಂಧನದಲ್ಲಿ ಹೆದ್ದಾರಿಗಳಲ್ಲಿ ಸಿಲುಕಿದ ಲಾರಿ ಚಾಲಕರಿಂದಾಗಿ ಸರಪಳಿಯ ಕೊಂಡಿಗಳು ಮನುಷ್ಯರೆಂಬುದು ಲೋಕದ ಗಮನಕ್ಕೆ ಬಂದಿತು. ಮನೆಬಾಗಿಲಿಗೆ ಸರಕು ಮುಟ್ಟಿಸುವವರೂ ಸೇರಿದಂತೆ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಕಾನೂನನ್ನು ರೂಪಿಸಿತು. ಸಾಗಣೆದಾರರನ್ನು ಸಂಶಯದಿಂದ ಕಂಡ 1911ರ ಕಾಯ್ದೆಗೂ ಅವರ ಕ್ಷೇಮವನ್ನು ವಿಷಯವಾಗಿಸಿಕೊಂಡ ಈ ಕಾನೂನಿಗೂ ನಡುವಿನ ಅಂತರ ಸಣ್ಣದಲ್ಲ. ಮುಂದಿನ ಸಂಶೋಧಕರು ಬುಕನನ್ನನ ಸಂಪುಟಗಳನ್ನೂ ತಾಂಡಾದ ಹಿರಿಯರ ಮಾತನ್ನೂ ಸರಪಳಿಯ ಸಿದ್ಧಾಂತವನ್ನೂ ಒಂದೇ ಮೇಜಿನ ಮೇಲಿಟ್ಟು ಓದಬೇಕಾಗಿದೆ. ಲದೇಣಿಯ ಹಾದಿಗಳು, ಬೀಡಿನ ತಾಣಗಳು, ಹೇರಿನ ಪರಿಕರಗಳು ಹಾಗೂ ಅವುಗಳ ಹೆಸರುಗಳನ್ನು ಜಿಲ್ಲಾವಾರು ಸಂಗ್ರಹಿಸುವ ಕಾರ್ಯ ತುರ್ತಾಗಿ ನಡೆಯಬೇಕು. ಅವನ್ನು ಹಿರಿಯರಿಂದ ಕೇಳಿ ಬಲ್ಲ ತಲೆಮಾರು ಇರುವಾಗಲೇ ಇದು ಸಾಧ್ಯ.